ಮಾಡಿನ ಮೇಲೆ ನಗು ಕೇಳಿದರೆ ಕೆಳಗಿರುವವರು ಕಿವಿಗೊಡಬೇಕು



ಈ ಪುಟದಲ್ಲಿ ಸಾಮಾನ್ಯವಾಗಿ ಅಡಿಕೆಯ ಕೊಳೆರೋಗ, ಬೋರ್ಡೋ ದ್ರಾವಣ, ಭತ್ತದ ತಳಿ, ಹಟ್ಟಿಗೊಬ್ಬರ ಇಂಥ ವಿಚಾರಗಳನ್ನು ಓದಿರುತ್ತೀರಿ. ಈ ವಾರ ವಯರಿನ ವಿಚಾರ. ಕೃಷಿ ಅಧಿಕಾರಿಗೆ ವಯರಿನ ಗೊಡವೆ ಏಕೆ ಎಂದು ಕೇಳಬಹುದು. ಈಗ ನಮ್ಮ ಊರುಗಳಲ್ಲಿ ಮನೆಯ ಮಾಡಿನ ಮೇಲೂ ಒಂದು ಬೆಳೆ ಎದ್ದಿದೆ. ಅದಕ್ಕೆ ಗೊಬ್ಬರ ಬೇಡ, ನೀರು ಬೇಡ, ಬಿಸಿಲು ಸಾಕು. ಆದರೆ ಬೇರು ಸರಿಯಾಗಿ ಊರದಿದ್ದರೆ ಆ ಬೆಳೆ ಮನೆಯವರನ್ನೇ ತಿನ್ನುತ್ತದೆ. ಆದ್ದರಿಂದ ಈ ಮಾತು ರೈತರಿಗೆ ಸಂಬಂಧಪಟ್ಟದ್ದೇ.

ಮೂಡುಬಿದಿರೆಯ ಸಾವಿರ ಕಂಬದ ಬಸದಿಯಿಂದ ಅಷ್ಟೇನೂ ದೂರವಿಲ್ಲದ ಊರು ಪುತ್ತಿಗೆ. ಮೇಲೆ ಮುರಕಲ್ಲಿನ ಪದವು, ಕೆಳಗೆ ತೋಟ, ತೋಡಿನ ಬದಿಯಲ್ಲಿ ಗದ್ದೆ. ಕಳೆದ ಬೇಸಗೆಯಲ್ಲಿ ಅಲ್ಲಿನ ಒಬ್ಬ ಅಡಿಕೆ ಬೆಳೆಗಾರರ ಮನೆಗೆ ತೋಟದ ಕೆಲಸದ ನಿಮಿತ್ತ ಹೋಗಿದ್ದೆ. ತಾರಸಿಯ ಮೇಲೆ ನಾಲ್ವರು ಹುಡುಗರು ಸೌರ ಫಲಕ ಜೋಡಿಸುತ್ತಿದ್ದರು. ಜನರ ಬಾಯಲ್ಲಿ ಹೇಳುವುದಾದರೆ ಸೋಲಾರ್ ಪ್ಯಾನೆಲ್. ಕೆಲಸಕ್ಕಿಂತ ಹೆಚ್ಚಾಗಿ ನಗುವಿನ ಸದ್ದೇ ಕೇಳುತ್ತಿತ್ತು. ಮನೆಯ ಯಜಮಾನರು ಗೊಣಗಿದರು: “ಇವರಿಗೆ ಸಂಬಳ ಕೊಡುವುದು ಕೆಲಸಕ್ಕೋ, ತಮಾಷೆಗೋ?”

ನಾನೂ ಮೇಲೆ ಹೋದೆ. ಅರ್ಧ ದಿನ ಅವರ ಜೊತೆ ಕುಳಿತೆ. ಮಾತೆಲ್ಲ ತುಳುವಿನಲ್ಲಿ ನಡೆದದ್ದು. ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇನೆ. ಅವರು ನಗುತ್ತಿದ್ದದ್ದು ಬೇರೆ ಯಾವುದಕ್ಕೂ ಅಲ್ಲ, ತಾವು ಮನೆ ಮನೆಗಳಲ್ಲಿ ಕಂಡ ಕೆಟ್ಟ ವಯರಿಂಗಿಗೆ. ಒಂದೊಂದು ತಪ್ಪಿಗೂ ಒಂದೊಂದು ಹೆಸರು ಇಟ್ಟಿದ್ದಾರೆ. ಕೇಳುತ್ತ ಹೋದಂತೆ ನನಗೆ ಹೊಳೆಯಿತು: ಇದು ಬರಿಯ ತಮಾಷೆಯಲ್ಲ, ಇದೊಂದು ಪಾಠಪಟ್ಟಿ. ಆ ಪಾಠವನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಸೂರ್ಯನಿಗೆ ಮೈನ್ ಸ್ವಿಚ್ ಇಲ್ಲ

ಗುಂಪಿನಲ್ಲಿ ಒಬ್ಬ ಹೊಸಬ. ಐಟಿಐ ಮುಗಿಸಿ ಬಂದು ತಿಂಗಳಾಗಿತ್ತಷ್ಟೆ. ಹೊಸಬರನ್ನು ಗೋಳುಹೊಯ್ದುಕೊಳ್ಳುವುದು ಎಲ್ಲ ಕಸುಬಿನಲ್ಲೂ ಇದ್ದದ್ದೇ. ಮೊದಲ ದಿನ ಇವನನ್ನು “ಅಂಗಡಿಗೆ ಹೋಗಿ ಅರ್ಧ ಕಿಲೋ ವೋಲ್ಟೇಜ್ ತೆಗೆದುಕೊಂಡು ಬಾ” ಎಂದು ಕಳಿಸಿದ್ದರಂತೆ. ಅಂಗಡಿಯವನೂ ಆಟಕ್ಕೆ ಸೇರಿ “ಸ್ಟಾಕ್ ಮುಗಿದಿದೆ, ನಾಳೆ ಬಾ” ಎಂದನಂತೆ.

ನಾನಿದ್ದಾಗಲೇ ಕರೆಂಟು ಹೋಯಿತು. ಹೊಸಬ ಪ್ಯಾನೆಲಿನ ವಯರು ಹಿಡಿಯಲು ಹೋಗಿ ಕೇಳಿದ: “ಅಣ್ಣ, ಕರೆಂಟು ಹೋಯ್ತಲ್ಲ, ಮುಟ್ಟಬಹುದಾ?” ಹಿರಿಯ ಕೆಲಸಗಾರ ತಲೆಯೆತ್ತಿ ಆಕಾಶ ನೋಡಿ, “ಸ್ವಲ್ಪ ತಡಿ ತಮ್ಮ, ಸೂರ್ಯನಿಗೆ ಫೋನ್ ಮಾಡಿ ಲೈನ್ ತೆಗೆಸುತ್ತೇನೆ” ಎಂದ. ಎಲ್ಲರೂ ನಕ್ಕರು. ಹೊಸಬನ ಕೈ ಹಿಂದೆ ಬಂತು.

ಈ ನಗುವಿನೊಳಗಿನ ಅರ್ಥವನ್ನು ಪ್ರತಿಯೊಬ್ಬ ರೈತನೂ ತಿಳಿಯಬೇಕು. ಮೆಸ್ಕಾಂ ಲೈನಿಗೆ ಸ್ವಿಚ್ ಉಂಟು, ಫ್ಯೂಸ್ ಉಂಟು. ಫಲಕದ ಮೇಲೆ ಬೆಳಕು ಬೀಳುವಷ್ಟು ಹೊತ್ತೂ ಅದು ವಿದ್ಯುತ್ತನ್ನು ಹುಟ್ಟಿಸುತ್ತಲೇ ಇರುತ್ತದೆ. ಕೆಳಗೆ ಸ್ವಿಚ್ ಆರಿಸಿದರೆ ಸ್ವಿಚ್ಚಿನಿಂದ ಈಚೆಗೆ ಮಾತ್ರ ನಿಲ್ಲುತ್ತದೆ. ಫಲಕದಿಂದ ಸ್ವಿಚ್ಚಿನವರೆಗಿನ ವಯರಿನಲ್ಲಿ ಜೀವ ಇದ್ದೇ ಇರುತ್ತದೆ.

ಎಷ್ಟು ಜೀವ? ಈಗ ಮನೆಗಳಿಗೆ ಹಾಕುವ 540 ವಾಟಿನ ಒಂದು ಫಲಕ ಬಿಸಿಲಿಗೆ ಸುಮಾರು 49 ವೋಲ್ಟ್ ಕೊಡುತ್ತದೆ. 3 ಕಿಲೋವಾಟಿನ ಘಟಕಕ್ಕೆ ಇಂಥ ಆರು ಫಲಕ ಬೇಕು. ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿದಂತೆ ಸಾಲಾಗಿ ಜೋಡಿಸಿದರೆ ಸುಮಾರು 300 ವೋಲ್ಟ್ ಆಗುತ್ತದೆ. ದೊಡ್ಡ ಸೌರ ಪಂಪುಗಳ ಸಾಲಿನಲ್ಲಿ ಇದಕ್ಕೂ ಹೆಚ್ಚು. ಮನೆಯ ಮಾಮೂಲಿ ಕರೆಂಟು 230 ವೋಲ್ಟ್ ಎಂಬುದನ್ನು ನೆನಪಿಡಿ.

ಇಲ್ಲಿ ನಮ್ಮ ಜನರ ಹಳೆಯ ಅನುಭವವೇ ದಾರಿ ತಪ್ಪಿಸುತ್ತದೆ. 1995ರಲ್ಲಿ ಹರೀಶ್ ಹಂದೆಯವರು ಆರಂಭಿಸಿದ ಸೆಲ್ಕೋದಂಥ ಸಂಸ್ಥೆಗಳು ಕರಾವಳಿಯ ಹಳ್ಳಿಗಳಿಗೆ ಸೌರ ದೀಪ ತಂದವು. ಲೈನು ಮುಟ್ಟದ ಎಷ್ಟೋ ಮನೆಗಳಲ್ಲಿ ಮಕ್ಕಳು ಆ ಬೆಳಕಿನಲ್ಲಿ ಓದಿ ದೊಡ್ಡವರಾದರು. ಆ ಸೇವೆಗಾಗಿ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಆಗಿನ ದೀಪಗಳು 12 ವೋಲ್ಟಿನವು. ಒಣ ಕೈಯಲ್ಲಿ ಮುಟ್ಟಿದರೆ ಗೊತ್ತೇ ಆಗುತ್ತಿರಲಿಲ್ಲ. “ಸೋಲಾರ್ ಶಾಕ್ ಹೊಡೆಯುವುದಿಲ್ಲ” ಎಂಬ ನಂಬಿಕೆ ಹಳ್ಳಿಗಳಲ್ಲಿ ಆಗ ಬೇರೂರಿತು. 12 ವೋಲ್ಟಿಗೆ ಅದು ಸರಿ. 300 ವೋಲ್ಟಿಗೆ ಅದು ಪ್ರಾಣಾಂತಿಕ. ಕೇರೆ ಹಾವನ್ನು ಹಿಡಿದು ರೂಢಿಯಾದವನು ಕಾಳಿಂಗಕ್ಕೆ ಕೈ ಹಾಕಿದಂತೆ.

ಇನ್ನೊಂದು ವಿಷಯ. ಲೈನಿನ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿದು ಏಳುತ್ತದೆ. ಆದ್ದರಿಂದ ಸಂಪರ್ಕ ತಪ್ಪಿದಾಗ ಹಾರುವ ಕಿಡಿ ತಾನಾಗಿ ನಂದಿಹೋಗುವ ಸಂಭವ ಹೆಚ್ಚು. ಫಲಕದ ವಿದ್ಯುತ್ತು ಒಂದೇ ದಿಕ್ಕಿಗೆ ಹರಿಯುವಂಥದು, ಅದಕ್ಕೆ ಸೊನ್ನೆಗೆ ಇಳಿಯುವ ಅಭ್ಯಾಸವಿಲ್ಲ. ಕಿಡಿ ಹಾರಿದರೆ ಉರಿಯುತ್ತಲೇ ಇರುತ್ತದೆ. ತಾಮ್ರವನ್ನೂ ಕರಗಿಸುತ್ತದೆ.

ಇದನ್ನು ನನಗೆ ವಿವರಿಸಿದ್ದು ಪುಸ್ತಕವಲ್ಲ, ಆ ಹಿರಿಯ ಕೆಲಸಗಾರನ ಬಲಗೈ. ಅಂಗೈಯ ಅರ್ಧ ಭಾಗದ ಚರ್ಮ ನಯವಾಗಿ, ಬಿಳುಪಾಗಿ, ರೇಖೆಗಳೇ ಇಲ್ಲದಂತಿತ್ತು. ಕೆಲವು ವರ್ಷಗಳ ಹಿಂದೆ ಅವಸರದಲ್ಲಿ ಸ್ವಿಚ್ ಆರಿಸದೆ ನಡು ಮಧ್ಯಾಹ್ನ ಕನೆಕ್ಟರ್ ಎಳೆದಿದ್ದನಂತೆ. “ಜೋಯಿಸರಿಗೆ ಕೈ ತೋರಿಸಿದೆ ಸಾರ್. ಆಯುಷ್ಯ ರೇಖೆಯೇ ಇಲ್ಲ, ಏನು ಹೇಳಲಿ ಅಂದರು” ಎಂದು ನಕ್ಕ. ಹುಡುಗರು ನಗಲಿಲ್ಲ. ಆ ಒಂದು ತಮಾಷೆಗೆ ಅವರು ಯಾವಾಗಲೂ ನಗುವುದಿಲ್ಲವೆಂದು ಆಮೇಲೆ ತಿಳಿಯಿತು.

ಸೇಮಿಗೆ, ಮುಂಡಾಸು ಮತ್ತು ಮಾವನ ಮನೆ

ಇನ್ನು ಅವರ ಹೆಸರುಗಳ ಪಟ್ಟಿಗೆ ಬರೋಣ.

ತಾರಸಿಯ ಮೇಲೆ ಪೈಪಿನೊಳಗೆ ಹೋಗದೆ ಗೋಜಲಾಗಿ ಬಿದ್ದ ವಯರಿಗೆ ಅವರಿಟ್ಟ ಹೆಸರು ಸೇಮಿಗೆ. “ಸೇಮಿಗೆ ತಯಾರುಂಟು, ರಸಾಯನ ಜೂನಿನಲ್ಲಿ ಬರ್ತದೆ” ಎನ್ನುತ್ತಾರೆ. ರಸಾಯನವೆಂದರೆ ಮಳೆನೀರು. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ನೆಲದ ಮೇಲೆ ಬಿದ್ದ ವಯರು ನಾಲ್ಕು ತಿಂಗಳು ನೀರಿನಲ್ಲೇ ಇರುತ್ತದೆ. ಅದರಲ್ಲೂ ಅಡಿಕೆ ಬೆಳೆಗಾರರ ತಾರಸಿ ಬೇಸಗೆಯಲ್ಲಿ ಅಂಗಳವೂ ಹೌದು. ಚಾಲಿ ಅಡಿಕೆ ಒಣಗಲು 40-45 ದಿನ ಬೇಕು. ದಿನವೂ ಅಡಿಕೆ ಹರಡುವುದು, ಮಗುಚುವುದು, ರಾಶಿ ಮಾಡುವುದು ನಡೆದೇ ಇರುತ್ತದೆ. ಅಡಿಕೆಯ ಅಡಿಯಲ್ಲಿ ಅಡಗಿದ ವಯರಿನ ಮೇಲೆ ಹಲಗೆ ಎಳೆದರೆ ಸಿಪ್ಪೆ ಕಿತ್ತುಹೋಗುತ್ತದೆ. ಬರಿಗಾಲಿನಲ್ಲಿ ಓಡಾಡುವವರು ಮನೆಯ ಹೆಂಗಸರು. ಆದ್ದರಿಂದ ವಯರು ಗೋಡೆಗೆ ಬಿಗಿದ ಪೈಪಿನೊಳಗೇ ಇಳಿಯಬೇಕು. ಅಳಿಲು, ಇಲಿಗಳ ಹಲ್ಲಿನಿಂದಲೂ ಅದೇ ರಕ್ಷಣೆ.

ಸೇಮಿಗೆಯ ಇನ್ನೊಂದು ಬಗೆ ಅಗ್ಗದ ವಯರು. ಮನೆಯೊಳಗೆ ಎಳೆಯುವ ಮಾಮೂಲಿ ವಯರನ್ನು ಬಿಸಿಲಿಗೆ ಹಾಕಿದರೆ ಕೆಲವೇ ವರ್ಷಗಳಲ್ಲಿ ಹೊದಿಕೆ ಬಿರಿದು ಉದುರುತ್ತದೆ. ಮಾಡಿನ ಮೇಲೆ ಬಿಸಿಲು ಮಳೆ ತಡೆಯುವ, ಎರಡು ಪದರದ ಹೊದಿಕೆಯುಳ್ಳ ಸೋಲಾರ್ ಡಿಸಿ ಕೇಬಲ್ಲನ್ನೇ ಹಾಕಬೇಕು. ಕೇಬಲ್ಲಿನ ಮೇಲೆ ಅದನ್ನು ಅಚ್ಚು ಮಾಡಿರುತ್ತಾರೆ, ಓದಿ ನೋಡಿ.

ಎರಡನೆಯದು ಮುಂಡಾಸು. ವಯರನ್ನು ಕೈಯಲ್ಲಿ ತಿರುಚಿ, ಮೇಲಿಂದ ಕಪ್ಪು ಟೇಪನ್ನು ಸುತ್ತಿ ಸುತ್ತಿ ದಪ್ಪ ಮಾಡಿದ ಜಾಯಿಂಟಿಗೆ ಈ ಹೆಸರು. “ಒಳಗೆ ತಲೆ ಇಲ್ಲ, ಮುಂಡಾಸು ಮಾತ್ರ ಬಲಿಪರ ಗಾತ್ರ” ಎಂದು ಒಬ್ಬ ಹೇಳಿದ. ಯಕ್ಷಗಾನ ನೋಡಿದವರಿಗೆ ಭಾಗವತರ ಮುಂಡಾಸಿನ ಅಂದ ಗೊತ್ತು. ವಯರಿಗೆ ಅದು ಅಂದವಲ್ಲ. ಕೈಯಲ್ಲಿ ತಿರುಚಿದ ಜಾಗ ಸಡಿಲವಾಗಿ ಬಿಸಿಯಾಗುತ್ತದೆ. ಬಿಸಿಗೆ ಟೇಪು ಕರಗುತ್ತದೆ. ಮಳೆಗೆ ನೀರು ಇಳಿಯುತ್ತದೆ. ಮೇಲೆ ಹೇಳಿದ ನಂದದ ಕಿಡಿ ಹುಟ್ಟುವುದು ಇಂಥ ಜಾಗದಲ್ಲಿಯೇ. ಫಲಕದ ವಯರುಗಳಿಗೆ ಕ್ಲಿಕ್ ಎಂದು ಕೂರುವ ಕನೆಕ್ಟರ್ ಬರುತ್ತದೆ. ಅದನ್ನು ಒತ್ತಲು ತಕ್ಕ ಹತ್ಯಾರು ಉಂಟು. ಇಕ್ಕಳದಲ್ಲೋ ಹಲ್ಲಿನಲ್ಲೋ ಒತ್ತುವಂಥದಲ್ಲ. ಎರಡೂ ಬದಿಯ ಕನೆಕ್ಟರ್ ಒಂದೇ ಕಂಪೆನಿಯದಾಗಿರಬೇಕು. ನೋಡಲು ಒಂದೇ ತೆರ ಕಂಡರೂ ಬೇರೆ ಬೇರೆ ಕಂಪೆನಿಯವು ಸರಿಯಾಗಿ ಕೂರುವುದಿಲ್ಲ, ಕಾಲಕ್ರಮೇಣ ಬಿಸಿಯಾಗುತ್ತವೆ.

ಮೂರನೆಯದು ಮಾವನ ಮನೆ ಫ್ಯೂಸ್. ಪದೇ ಪದೇ ಫ್ಯೂಸ್ ಹೋಗುತ್ತದೆಂದು ಬೇಸತ್ತು ದಪ್ಪ ತಂತಿ ಸುತ್ತಿದ್ದನ್ನೋ, ಮೊಳೆ ಸಿಕ್ಕಿಸಿದ್ದನ್ನೋ ಹೀಗೆ ಕರೆಯುತ್ತಾರೆ. “ಎಷ್ಟು ಬಂದರೂ ಬೇಡ ಅನ್ನುವುದಿಲ್ಲ, ಮಾವನ ಮನೆಯ ಹಾಗೆ!” ಫ್ಯೂಸು ಹೋಗುವುದು ಅದರ ದೋಷವಲ್ಲ, ಅದರ ಕರ್ತವ್ಯ. ಗದ್ದೆಯ ಕಂಡಿ ಒಡೆದು ಹೆಚ್ಚಿನ ನೀರು ಹೊರಗೆ ಹೋಗುವುದರಿಂದ ಬದು ಉಳಿಯುತ್ತದಲ್ಲವೇ? ಕಂಡಿ ಮುಚ್ಚಿದರೆ ಬದುವೇ ಹೋಗುತ್ತದೆ. ಇದೇ ರೀತಿ ಮನೆಯ ಎಸಿ ಲೈನಿನ ಎಂಸಿಬಿಯನ್ನು ಫಲಕದ ಡಿಸಿ ಬದಿಗೆ ಹಾಕುವುದೂ ತಪ್ಪು. ಅದಕ್ಕೆ ಆ ಕಿಡಿಯನ್ನು ಕಡಿಯುವ ಶಕ್ತಿಯಿಲ್ಲ. ಡಿಸಿ ಎಂದೇ ಗುರುತಿರುವ ಸ್ವಿಚ್ ಹಾಕಿಸಬೇಕು.

ನಾಲ್ಕನೆಯದು ದಿನಪೂಜೆಯ ಬ್ಯಾಟರಿ. ಬ್ಯಾಟರಿ ಇಟ್ಟುಕೊಂಡಿರುವ ಮನೆಗಳಲ್ಲಿ ಜಾಗವಿಲ್ಲವೆಂದು ಅದನ್ನು ದೇವರ ಕೋಣೆಯ ಮೂಲೆಯಲ್ಲಿಡುವುದುಂಟು. ಪಕ್ಕದಲ್ಲಿ ದೀಪ, ಊದುಬತ್ತಿ. “ಬ್ಯಾಟರಿಗೂ ದಿನಾ ಪೂಜೆ ಆಗ್ತಾ ಉಂಟು ಸಾರ್. ವಿಸರ್ಜನೆ ಒಂದೇ ಬಾಕಿ.” ನೀರು ಹಾಕುವ ಬ್ಯಾಟರಿ ಚಾರ್ಜ್ ಆಗುವಾಗ ಜಲಜನಕ ಬಿಡುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ 4 ಭಾಗ ಸೇರಿದರೆ ಕಿಡಿ ತಗುಲಿ ಸಿಡಿಯಬಲ್ಲದು. ಆದ್ದರಿಂದ ಗಾಳಿಯಾಡುವ ಜಾಗ ಬೇಕು, ಬೆಂಕಿ ದೂರವಿರಬೇಕು. ಬ್ಯಾಟರಿಯ ಮೇಲೆ ಕೆಲಸ ಮಾಡುವಾಗ ಉಂಗುರ, ವಾಚು ಕಳಚಿಡಬೇಕು. 12 ವೋಲ್ಟು ಶಾಕ್ ಹೊಡೆಯದಿದ್ದರೂ ಎರಡು ತುದಿಗೆ ತಾಗಿದ ಸ್ಪ್ಯಾನರನ್ನು ಕೆಂಪಗೆ ಕಾಯಿಸಬಲ್ಲದು, ಬೆರಳಿನ ಉಂಗುರವನ್ನೂ.

ನಾನೇ ನಗೆಪಾಟಲಾದದ್ದು

ಇತರರ ತಪ್ಪನ್ನು ಹೇಳುವಾಗ ನನ್ನದನ್ನು ಮುಚ್ಚಿಡುವುದು ನ್ಯಾಯವಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಊರಿನ ಮನೆಗೆ ಒಂದು ಸಣ್ಣ ಸೌರ ದೀಪದ ಸೆಟ್ ಹಾಕಿಸಿದ್ದೆ. ಹಟ್ಟಿಗೂ ಒಂದು ದೀಪವಿರಲೆಂದು ಹಳೆಯ ರೇಡಿಯೋದ ವಯರು ಎಳೆದು ನಾನೇ ಜೋಡಿಸಿದೆ. ಪ್ಲಸ್ ಮೈನಸ್ ಅದಲುಬದಲಾಯಿತು. ಹೊಗೆ ಬಂತು, ವಾಸನೆ ಬಂತು, ಬೆಳಕು ಬರಲಿಲ್ಲ. ರಿಪೇರಿಗೆ ಬಂದ ಹುಡುಗ ಸುಟ್ಟ ವಯರನ್ನು ಎತ್ತಿ ಹಿಡಿದು, “ಸಾರ್ ಬಿಎಸ್ಸಿ ಅಗ್ರಿ ಅಲ್ಲವಾ? ಇದು ಕೊಳೆರೋಗವೋ, ಸುಳಿಕೊಳೆಯೋ?” ಎಂದು ಕೇಳಿದ. ಮನೆಯವರೆಲ್ಲ ನಕ್ಕರು. ನನಗೆ ಸಿಟ್ಟು ಬಂದಿತ್ತು. ಆದರೆ ಹಟ್ಟಿಯ ಹುಲ್ಲಿನ ಅಟ್ಟ ಆ ವಯರಿಗೆ ಒಂದು ಗೇಣು ದೂರದಲ್ಲಿತ್ತು ಎಂಬುದನ್ನು ಅವನು ಆಮೇಲೆ ಬೇರೆಯಾಗಿ ಕರೆದು ತೋರಿಸಿದ. ಆಗ ಅವನು ನಗುತ್ತಿರಲಿಲ್ಲ.

ಹಟ್ಟಿಯ ವಿಷಯ ಬಂದದ್ದರಿಂದ ಒಂದು ಮಾತು. ಶಾಕಿಗೆ ಮನುಷ್ಯರಿಗಿಂತ ಜಾನುವಾರು ಬೇಗ ಬಲಿಯಾಗುತ್ತವೆ. ಅವುಗಳ ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚು. ನೆಲದಲ್ಲಿ ವಿದ್ಯುತ್ತು ಹರಡಿದಾಗ ಒಂದು ಜೊತೆ ಕಾಲಿನಿಂದ ಹೊಕ್ಕು ಎದೆಯ ಮೂಲಕ ಇನ್ನೊಂದು ಜೊತೆಗೆ ದಾಟುತ್ತದೆ. ಹಟ್ಟಿಯ ನೆಲವೋ ಸದಾ ಒದ್ದೆ. ಸಿಡಿಲು ಬಡಿದಾಗ ಮರದಡಿಯ ದನಗಳು ಸಾಯುವುದಕ್ಕೂ ಹೆಚ್ಚಾಗಿ ಇದೇ ಕಾರಣ. ಹಟ್ಟಿಯ ವಯರಿಂಗಿನಲ್ಲಿ ಉಳಿತಾಯ ಬೇಡ.

ಅರ್ಥವಿಲ್ಲದ ಅರ್ಥಿಂಗ್

ಇನ್ನು ಮುಖ್ಯವಾದ ವಿಷಯ. ಆ ದಿನ ನಾನು ಕಂಡ ನಿಜವಾದ ಕಥೆ ಇದೇ.

ಗೋಡೆಯಗುಂಟ ಇಳಿದು, ನೆಲಕ್ಕೆ ಮುಟ್ಟದೆ, ಹೂವಿನ ಚಟ್ಟಿಯ ಹಿಂದೆ ಸುರುಳಿ ಸುತ್ತಿ ಕುಳಿತ ಹಸುರು ವಯರನ್ನು ಈ ಹುಡುಗರು ತಾಳಮದ್ದಳೆ ಅರ್ಥಿಂಗ್ ಎನ್ನುತ್ತಾರೆ. “ಅರ್ಥ ಹೇಳ್ತದೆ, ವೇಷ ಕಟ್ಟುವುದಿಲ್ಲ!” ತಾಳಮದ್ದಳೆಯಲ್ಲಿ ಭೀಮ ಗದೆಯಿಲ್ಲದೆ ಗೆಲ್ಲಬಹುದು. ಅರ್ಥಿಂಗ್ ಮಾತ್ರ ನೆಲದೊಳಗೆ ಇಳಿಯದೆ ಗೆಲ್ಲದು.

ಅರ್ಥಿಂಗ್ ಎಂದರೆ ತಪ್ಪಿ ಹರಿದ ವಿದ್ಯುತ್ತಿಗೆ ಭೂಮಿಗೆ ಇಳಿಯಲು ಸುಲಭದ ದಾರಿ. ಎಲ್ಲೋ ವಯರಿನ ಸಿಪ್ಪೆ ಹೋಗಿ ಫಲಕದ ಲೋಹದ ಚೌಕಟ್ಟಿಗೆ ತಾಗಿತೆನ್ನಿ. ದಾರಿಯಿದ್ದರೆ ವಿದ್ಯುತ್ತು ಭೂಮಿಗೆ ಹೋಗುತ್ತದೆ. ಇಲ್ಲದಿದ್ದರೆ ಚೌಕಟ್ಟನ್ನು ಮುಟ್ಟಿದವನ ಮೈಯೇ ದಾರಿ. ಬಟ್ಟೆ ಒಣಹಾಕಲು ಆ ಚೌಕಟ್ಟಿಗೇ ಹಗ್ಗ ಕಟ್ಟುವ ಮನೆಗಳನ್ನು ನಾನು ನೋಡಿದ್ದೇನೆ.

ಸೌರ ಘಟಕಕ್ಕೆ ಸಾಮಾನ್ಯವಾಗಿ ಮೂರು ಪ್ರತ್ಯೇಕ ಅರ್ಥಿಂಗ್ ಗುಂಡಿ ಬೇಕು: ಫಲಕ ಮತ್ತು ಡಿಸಿ ಬದಿಗೆ ಒಂದು, ಎಸಿ ಬದಿಗೆ ಒಂದು, ಸಿಡಿಲು ತಡೆಗೆ ಒಂದು. ಪೈಪು ಎರಡೂವರೆ ಮೀಟರಿನಷ್ಟಾದರೂ ಇಳಿಯಬೇಕು. ಅಳೆಯುವ ಯಂತ್ರವಿಟ್ಟು ನೋಡಿದರೆ ತಡೆ 5 ಓಮ್‌ಗಿಂತ ಕೆಳಗೆ ಬರಬೇಕು. ಇಲ್ಲಿ ಪದವಿನ ಮನೆಗಳಿಗೆ ಒಂದು ವಿಶೇಷ ತೊಂದರೆಯುಂಟು. ಮುರಕಲ್ಲು ಒಣಗಿದಾಗ ವಿದ್ಯುತ್ತನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ. ನಮ್ಮಲ್ಲಿ ಗುಡುಗು ಸಿಡಿಲು ಜೋರಾಗಿರುವುದು ಮುಂಗಾರಿಗೆ ಮುಂಚೆ ಏಪ್ರಿಲ್-ಮೇ ತಿಂಗಳಲ್ಲಿ, ಮತ್ತೆ ತುಲಾ ಮಾಸದ ಹೊತ್ತಿಗೆ. ಎಂದರೆ ನೆಲ ಕಾದು ಕಲ್ಲಾಗಿರುವಾಗಲೇ ಸಿಡಿಲು ಬರುತ್ತದೆ. ಆದ್ದರಿಂದ ಬೇಸಗೆಯಲ್ಲಿ ತೆಂಗಿನ ಬುಡಕ್ಕೆ ಹಾಕುವಂತೆ ಅರ್ಥಿಂಗ್ ಗುಂಡಿಗೂ ಆಗಾಗ ನೀರು ಹಾಕಬೇಕು. ಎರಡು ಕೊಡ ನೀರಿಗೆ ಒಂದು ಜೀವದ ಬೆಲೆ ಇದೆ.

ಪುತ್ತಿಗೆಯ ಆ ಮನೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಫಲಕ ಏರಿತ್ತು, ವಯರು ಇಳಿದಿತ್ತು, ಇನ್ವರ್ಟರ್ ಗೋಡೆಗೆ ಬಿಗಿದಾಗಿತ್ತು. ಅರ್ಥಿಂಗ್ ಗುಂಡಿ ಮಾತ್ರ ಆಗಿರಲಿಲ್ಲ. ಯಜಮಾನರು ಹೇಳಿದರು: “ಮುರ ಕಡಿಯಲಿಕ್ಕೆ ಆಳು ಸಿಗುವುದಿಲ್ಲ. ದೀಪಾವಳಿ ಕಳೆದ ಮೇಲೆ ನೋಡುವ. ಈಗ ಆನ್ ಮಾಡಿ.”

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಮೆಲ್ಲನೆ, “ಧಣಿಗಳೇ, ಸಿಡಿಲಿಗೂ ದೀಪಾವಳಿ ಕಳೆದ ಮೇಲೆ ಬಾ ಅಂತ ಒಂದು ಕಾಗದ ಬರೆಯುವ” ಎಂದ. ಎಲ್ಲರೂ ನಕ್ಕರು. ಯಜಮಾನರೂ ನಕ್ಕರು. ನಕ್ಕು, “ಆಯ್ತು, ಆನ್ ಮಾಡಿ” ಎಂದರು.

ತಮಾಷೆ ಇಲ್ಲಿ ಸೋತಿತು. ಇದನ್ನು ನಾವು ಗಮನಿಸಬೇಕು. ಕೂಲಿಗೆ ಬಂದವನು ಮನೆ ಯಜಮಾನನಿಗೆ ‘ನೀವು ಮಾಡುವುದು ತಪ್ಪು’ ಎಂದು ನೇರವಾಗಿ ಹೇಳಲಾರ. ಹೇಳಿದರೆ ಗುತ್ತಿಗೆದಾರನಿಗೆ ಫೋನು ಹೋಗುತ್ತದೆ. ನಾಳೆ ಬೇರೆಯವನು ಬರುತ್ತಾನೆ. ಅದಕ್ಕಾಗಿ ಅವನು ಮಾತನ್ನು ನಗುವಿನಲ್ಲಿ ಸುತ್ತಿ ಕೊಡುತ್ತಾನೆ, ಕಹಿ ಗುಳಿಗೆಯನ್ನು ಬೆಲ್ಲದಲ್ಲಿ ಇಟ್ಟು ಕೊಟ್ಟಂತೆ. ನಾವು ಬೆಲ್ಲ ತಿಂದು ಗುಳಿಗೆ ಉಗಿದರೆ ತಪ್ಪು ಯಾರದು?

ಹಿರಿಯವನು ಏನೂ ಹೇಳಲಿಲ್ಲ. ಇನ್ವರ್ಟರಿನ ಸ್ವಿಚ್ಚಿಗೆ ಒಂದು ಸಣ್ಣ ಬೀಗ ಹಾಕಿ, ಬೀಗದ ಕೈಯನ್ನು ಕಿಸೆಗೆ ಹಾಕಿಕೊಂಡ. ಮಾವಿನ ಮರದಡಿ ಕುಳಿತು ಬುತ್ತಿ ಬಿಚ್ಚಿದ. ಯಜಮಾನರಿಗೆ ಸಿಟ್ಟು ಬಂತು. ಗುತ್ತಿಗೆದಾರನಿಗೆ ಫೋನು ಮಾಡಿದರು. ಆ ಕಡೆಯಿಂದ ಏನು ಉತ್ತರ ಬಂತೋ ನನಗೆ ಕೇಳಿಸಲಿಲ್ಲ. ಹಿರಿಯವನು ಊಟ ಮುಗಿಸಿ ಕೈತೊಳೆದು, “ಧಣಿ, ಕೆಲಸ ಹೋದರೆ ಹೋಗಲಿ. ನಾನು ಆನ್ ಮಾಡಿದ ಮನೆಯಲ್ಲಿ ಬಟ್ಟೆ ಒಣಹಾಕಲಿಕ್ಕೆ ಬರುವ ಅಮ್ಮನ ಮುಖ ನನಗೆ ರಾತ್ರಿ ನೆನಪಾಗ್ತದೆ” ಎಂದ. ಈ ಮಾತಿನಲ್ಲಿ ನಗು ಇರಲಿಲ್ಲ. ಒಳಗಿನಿಂದ ಯಜಮಾನರ ತಾಯಿ ಕೇಳಿಸಿಕೊಂಡರು. ಮರುದಿನ ಬೆಳಿಗ್ಗೆ ಆಳು ಸಿಕ್ಕಿತು. ಮುರ ಕಡಿದರು, ಪೈಪು ಇಳಿಸಿದರು, ಯಂತ್ರವಿಟ್ಟು ಅಳೆದರು. ಆಮೇಲೆ ಬೀಗ ತೆಗೆದದ್ದು.

ಆ ಮೇಯಲ್ಲಿ ಅಲ್ಲಿ ಸಿಡಿಲು ಬಡಿಯಿತೇ ಎಂದು ನೀವು ಕೇಳಬಹುದು. ಇಲ್ಲ. ಆ ಮನೆಯಲ್ಲಿ ಏನೂ ಆಗಲಿಲ್ಲ. ಏನೂ ಆಗದಿರುವುದೇ ಒಳ್ಳೆಯ ಕೆಲಸದ ಗುರುತು. ಅದು ಪತ್ರಿಕೆಯಲ್ಲಿ ಬರುವುದಿಲ್ಲ. ಬೆಂಕಿ ಬಿದ್ದಾಗ ಬಾವಿ ತೋಡುವವರ ಸುದ್ದಿ ಬರುತ್ತದೆ.

ನಗಬಾರದ ತಮಾಷೆಗಳು

ಎಲ್ಲ ತಮಾಷೆಯೂ ಒಳ್ಳೆಯದಲ್ಲ. “ಒಂದು ಶಾಕ್ ಹೊಡೆದರೆ ವಾತ ಬಿಟ್ಟು ಹೋಗ್ತದೆ” ಎನ್ನುವವರುಂಟು. ಬೆಲ್ಟು ಹಾಕಿ ಮಾಡು ಹತ್ತುವವನನ್ನು “ಏನು ಮಾರಾಯ, ಮದುಮಗಳ ಹಾಗೆ ಒಡ್ಯಾಣ ಹಾಕಿದ್ದಿ?” ಎಂದು ಕೆಣಕುವವರುಂಟು. ಇಂಥ ಮಾತಿಗೆ ನಾಚಿ ಬೆಲ್ಟು ಬಿಚ್ಚಿದ ಹುಡುಗ ಪಾಚಿಗಟ್ಟಿದ ಹಂಚಿನ ಮೇಲೆ ಜಾರಿದರೆ ಕೆಣಕಿದವನು ಹಿಡಿಯುವುದಿಲ್ಲ. ತಪ್ಪನ್ನು ತೋರಿಸಿ ನಗುವುದು ಬೇರೆ, ಜಾಗ್ರತೆಯನ್ನು ಹಾಸ್ಯ ಮಾಡುವುದು ಬೇರೆ. ಮೊದಲನೆಯದು ಕಣ್ಣು ತೆರೆಸುತ್ತದೆ, ಎರಡನೆಯದು ಮುಚ್ಚಿಸುತ್ತದೆ.

ಕಾಡುಹಂದಿಗೆಂದು ತೋಟದ ಬೇಲಿಗೆ ನೇರವಾಗಿ 230 ವೋಲ್ಟಿನ ಲೈನು ಕೊಡುವುದನ್ನು ಹುಡುಗರು “ವಿಳಾಸವಿಲ್ಲದ ಕಾಗದ” ಎನ್ನುತ್ತಾರೆ. “ಹಂದಿಗೆ ಬರೆದದ್ದು, ಯಾರ ಮನೆಗೆ ಹೋಗ್ತದೋ ಗೊತ್ತಿಲ್ಲ.” ರಾತ್ರಿ ನೀರು ಬಿಡಲು ಹೋದ ನೆರೆಯವನಿಗೂ ಹೋಗಬಹುದು, ನಿಮ್ಮ ಮಗನಿಗೂ ಹೋಗಬಹುದು. ಇದು ಶಿಕ್ಷಾರ್ಹ ಅಪರಾಧ. ಸರಿಯಾದ ಸೌರ ಬೇಲಿಯಲ್ಲಿ ಎನರ್ಜೈಸರ್ ಎಂಬ ಪೆಟ್ಟಿಗೆಯಿರುತ್ತದೆ. ಅದು ಸುಮಾರು ಸೆಕೆಂಡಿಗೊಮ್ಮೆ ಕ್ಷಣಾಂಶದ ಹೊಡೆತ ಕೊಡುತ್ತದೆ; ಪ್ರಾಣಿ ಬೆದರಿ ಓಡುತ್ತದೆ, ಸಾಯುವುದಿಲ್ಲ. ಆ ಪೆಟ್ಟಿಗೆಯನ್ನು ತಪ್ಪಿಸಿ ಲೈನು ಕೊಟ್ಟರೆ ಅದು ಬೇಲಿಯಲ್ಲ, ಉರುಳು.

ದೋಟಿಯ ಬಗ್ಗೆಯೂ ಅವರದೊಂದು ಮಾತು: “ದೋಟಿ ಹಗುರ ಸಾರ್. ಲೈನಿಗೆ ತಾಗಿದರೆ ನಾವೂ ಹಗುರ.” ಅಲ್ಯೂಮಿನಿಯಮ್ ದೋಟಿ, ಏಣಿಗಳ ಅಪಾಯ ಎಲ್ಲರಿಗೂ ಗೊತ್ತು. ಈಚೆಗೆ ಬಳಕೆಗೆ ಬಂದ ಕಾರ್ಬನ್ ಫೈಬರ್ ದೋಟಿಯಲ್ಲೂ ವಿದ್ಯುತ್ತು ಹರಿಯುತ್ತದೆ ಎಂಬುದು ಹಲವರಿಗೆ ಗೊತ್ತಿಲ್ಲ. ಲೈನಿನ ಹತ್ತಿರದ ಮರಕ್ಕೆ ಅದನ್ನೂ ಎತ್ತಬಾರದು.

ಲೈನ್‌ಮನ್ನರ ನೆನಪು

ಕರೆಂಟು ಹೋದಾಗ ಲೈನಿಗೆ ಸೇರಿದ ಸೌರ ಇನ್ವರ್ಟರ್ ತಾನಾಗಿ ನಿಲ್ಲುತ್ತದೆ. “ಬಿಸಿಲಿದ್ದರೂ ಕರೆಂಟಿಲ್ಲ, ಇದೆಂಥ ಸೋಲಾರ್?” ಎಂದು ಜನ ಬೈಯುತ್ತಾರೆ. ಅದು ದೋಷವಲ್ಲ, ಕಂಬದ ಮೇಲಿರುವವನ ರಕ್ಷಣೆ. ಜನರೇಟರನ್ನೋ ಬ್ಯಾಟರಿ ಇನ್ವರ್ಟರನ್ನೋ ಅಡ್ಡದಾರಿಯಲ್ಲಿ ಮನೆಯ ಲೈನಿಗೆ ಸೇರಿಸಿದರೆ ಆ 230 ವೋಲ್ಟು ಹಿಮ್ಮುಖವಾಗಿ ಟ್ರಾನ್ಸ್‌ಫಾರ್ಮರಿಗೆ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಅದನ್ನು 11,000 ವೋಲ್ಟಿಗೆ ಏರಿಸುತ್ತದೆ. ಲೈನು ತೆಗೆದಿದೆ ಎಂದು ನಂಬಿ ಮಳೆಯಲ್ಲಿ ತಂತಿ ಹಿಡಿದ ಲೈನ್‌ಮನ್ ಅಲ್ಲೇ ಸಾಯುತ್ತಾನೆ. ನಮ್ಮ ಮನೆಯ ಫ್ಯಾನು ಅರ್ಧ ಗಂಟೆ ತಿರುಗಲು ಅದು ತೀರ ದುಬಾರಿಯಾದ ಬೆಲೆ.

ರೈತರು ಗಮನಿಸಬೇಕಾದ ಅಂಶಗಳು

2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟ್ ಮತ್ತು ಅದಕ್ಕೆ ಮೇಲ್ಪಟ್ಟ ಘಟಕಕ್ಕೆ 78,000 ರೂಪಾಯಿ ಕೇಂದ್ರದ ಸಹಾಯಧನ ನಿಗದಿಯಾಯಿತು. ಅಲ್ಲಿಂದೀಚೆಗೆ ಹಳ್ಳಿಗಳಲ್ಲೂ ಫಲಕಗಳು ಏರುತ್ತಿವೆ. ಹಾಕಿಸುವವರು ಈ ಕೆಳಗಿನವನ್ನು ಅನುಸರಿಸುವುದು ಒಳ್ಳೆಯದು.

1. ಪರವಾನಗಿ ಪಡೆದ ಗುತ್ತಿಗೆದಾರರಿಂದಲೇ ಕೆಲಸ ಮಾಡಿಸಿ. ದರಪಟ್ಟಿಯಲ್ಲಿ ಅರ್ಥಿಂಗ್, ಡಿಸಿ ಕೇಬಲ್, ಸಿಡಿಲು ತಡೆ ಇವುಗಳನ್ನು ಬೇರೆ ಬೇರೆಯಾಗಿ ಬರೆಸಿಕೊಳ್ಳಿ.

2. ಅರ್ಥಿಂಗನ್ನು ನಿಮ್ಮ ಮುಂದೆಯೇ ಅಳೆಯಲು ಹೇಳಿ. ಬೋರ್ಡೋ ದ್ರಾವಣಕ್ಕೆ ಕಬ್ಬಿಣದ ಚೂರಿ ಅದ್ದಿ ನೋಡದೆ ನಾವು ಸಿಂಪಡಿಸುತ್ತೇವೆಯೇ? ಇದೂ ಹಾಗೆಯೇ.

3. ಮನೆಯ ಎಸಿ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಶಾಕ್ ತಗುಲಿದ ಕ್ಷಣಾರ್ಧದಲ್ಲಿ ಅದು ಲೈನು ಕಡಿಯುತ್ತದೆ. ಮಾಡಿನ ಮೇಲಿನ ಡಿಸಿ ಬದಿಗೆ ಅದು ರಕ್ಷಣೆ ಕೊಡುವುದಿಲ್ಲ ಎಂಬುದೂ ನೆನಪಿರಲಿ.

4. ಫಲಕ ತೊಳೆಯುವುದು ಬೆಳಗಿನ ತಂಪು ಹೊತ್ತಿನಲ್ಲಿ, ಸ್ವಿಚ್ ಆರಿಸಿ. ಗಾಜು ಒಡೆದ ಫಲಕಕ್ಕೆ ನೀರು ಹಾಕಬೇಡಿ, ಕೈ ತಾಗಿಸಬೇಡಿ.

5. ಚೌಕಟ್ಟಿಗೆ ಹಗ್ಗ ಕಟ್ಟಬೇಡಿ, ಬಟ್ಟೆ ಹಾಕಬೇಡಿ, ಅಡಿಯಲ್ಲಿ ಸಿಪ್ಪೆ, ಮಡಲು, ಗೋಣಿ ರಾಶಿ ಹಾಕಬೇಡಿ.

6. ಬೆಂಕಿ ಕಂಡರೆ ನೀರು ಎರಚಬೇಡಿ. ಸಾಧ್ಯವಾದರೆ ಸ್ವಿಚ್ ಆರಿಸಿ ದೂರ ನಿಂತು 112ಕ್ಕೆ ಕರೆ ಮಾಡಿ. ಸೌರ ಫಲಕ ಇದೆಯೆಂದು ಮೊದಲೇ ತಿಳಿಸಿ. ತಂತಿ ತುಂಡಾಗಿ ಬಿದ್ದಿದ್ದರೆ ಮೆಸ್ಕಾಂನ 1912ಕ್ಕೆ ತಿಳಿಸಿ.

7. ಮನೆಯಲ್ಲಿ ಯಾರಿಗಾದರೂ ಶಾಕ್ ತಗುಲಿದರೆ ಬರಿಗೈಯಲ್ಲಿ ಎಳೆಯಬೇಡಿ. ಮೊದಲು ಸ್ವಿಚ್ ಆರಿಸಿ. ಆಗದಿದ್ದರೆ ಒಣ ಮರದ ಕೋಲಿನಿಂದ ಬಿಡಿಸಿ. ಹಸಿ ಅಡಿಕೆ ಸಲಾಕೆ ಉಪಯೋಗವಿಲ್ಲ. ಉಸಿರಿಲ್ಲದಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಒತ್ತುತ್ತಿರಿ, 108ಕ್ಕೆ ಕರೆ ಹೋಗಲಿ.

8. ಎಂಟನೆಯದು ನನ್ನದೇ ಸೇರ್ಪಡೆ. ಮಾಡಿನ ಮೇಲೆ ಕೆಲಸದವರು ನಕ್ಕರೆ ಬೈಯಬೇಡಿ. ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ ಹಿಡಿದು ಮೇಲೆ ಹೋಗಿ, “ಎಂತ ಮಾರಾಯ, ನನಗೂ ಹೇಳು, ನಾನೂ ನಗ್ತೇನೆ” ಎಂದು ಕೇಳಿ. ಅವರು ನಗುತ್ತಿರುವುದು ನಿಮ್ಮ ಮನೆಯ ವಯರಿಗಾಗಿದ್ದರೆ, ಅದನ್ನು ತಿಳಿಯಬೇಕಾದ ಮೊದಲನೆಯವರು ನೀವೇ.